ಸಣ್ಣ ಹೈಸ್ಕೂಲಿನಲ್ಲಿ ಇಂಗ್ಲಿಷ್: ಪಿರಿಯಡ್ಡು, ಪ್ರಾರ್ಥನೆ, ಗೋಡೆ ಪತ್ರಿಕೆ, ನಾಟಕ – ಸಮಗ್ರ ಮಾರ್ಗದರ್ಶಿ

ಸಿಂದಗಿ, ಇಂಡಿ, ಮುದ್ದೇಬಿಹಾಳ ಕಡೆ ಎಂಟರಿಂದ ಹತ್ತನೇ ತರಗತಿವರೆಗೆ ಮೂರೇ ಕೋಣೆ, ಇಂಗ್ಲಿಷಿಗೆ ಒಬ್ಬರೇ ಶಿಕ್ಷಕರು ಇರುವ ಹೈಸ್ಕೂಲುಗಳಿವೆ. ಈ ಬರಹ ಅಂಥ ಶಾಲೆಗಾಗಿ. ಲೆಕ್ಕಕ್ಕೆ ಅನುಕೂಲವಾಗಲೆಂದು ತರಗತಿಗೆ 24ರಂತೆ ಒಟ್ಟು 72 ಮಕ್ಕಳು, 40 ನಿಮಿಷದ ಪಿರಿಯಡ್ಡು ಎಂದು ಹಿಡಿದಿದ್ದೇವೆ. ನಿಮ್ಮ ಶಾಲೆಯ ಸಂಖ್ಯೆಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಈ ಮಕ್ಕಳ ಕಿವಿಗೆ ಇಂಗ್ಲಿಷ್ ಬೀಳುವುದು ಆ ಒಂದು ಪಿರಿಯಡ್ಡಿನಲ್ಲಿ ಮಾತ್ರ. ಮನೆಯಲ್ಲಿ ಇಲ್ಲ, ಸಂತೆಯಲ್ಲಿ ಇಲ್ಲ, ಬಸ್ಸಿನಲ್ಲಿ ಇಲ್ಲ. ಅಲ್ಲಿಯೂ ಶಿಕ್ಷಕರು ಒಂದು ಸಾಲು ಓದಿ, ಅದರ ಅರ್ಥ ಕನ್ನಡದಲ್ಲಿ ಹೇಳಿ, ಮುಂದಿನ ಸಾಲಿಗೆ ಹೋದರೆ ಮಗು ಕೇಳಿದ್ದು ಹೆಚ್ಚಾಗಿ ಕನ್ನಡವನ್ನೇ. ಆಡಿದ್ದು 'ಯೆಸ್ ಸರ್' ಅಷ್ಟೇ. ಆಮೇಲೆ ಗೈಡ್ ನೋಡಿ ಪ್ರಶ್ನೋತ್ತರ ಬರೆಸಿದರೆ ಪರೀಕ್ಷೆ ಪಾಸಾಗಬಹುದು, ಭಾಷೆ ಬರುವುದಿಲ್ಲ. ಸಣ್ಣ ಶಾಲೆಗೆ ಇರುವ ಆಸ್ತಿ ಒಂದೇ: ಮಕ್ಕಳು ಕಡಿಮೆ. 60 ಮಕ್ಕಳಿರುವಲ್ಲಿ ಆಗದ ಕೆಲಸ 24 ಮಕ್ಕಳಿರುವಲ್ಲಿ ಆಗುತ್ತದೆ. ಪ್ರತಿ ಮಗುವೂ ಪ್ರತಿದಿನ ಇಂಗ್ಲಿಷಿನಲ್ಲಿ ಬಾಯಿಬಿಟ್ಟು ಮಾತಾಡಬೇಕು. ಕೆಳಗಿನ ಎಲ್ಲ ಕೆಲಸವೂ ಅದಕ್ಕಾಗಿಯೇ.

ಜೂನ್: ಯಾರು ಎಲ್ಲಿದ್ದಾರೆ ಎಂದು ನೋಡುವುದು

ಸೇತುಬಂಧದ (ವರ್ಷದ ಆರಂಭದಲ್ಲಿ ಹಿಂದಿನ ಕಲಿಕೆಯನ್ನು ನೋಡಿ ಸರಿಪಡಿಸುವ ಕಾರ್ಯಕ್ರಮ) ಸಾಮಾನ್ಯ ಪರೀಕ್ಷೆಯ ಜೊತೆಗೆ ಪ್ರತಿ ಮಗುವನ್ನೂ ಮೂರು ನಿಮಿಷ ಪಕ್ಕಕ್ಕೆ ಕೂರಿಸಿಕೊಂಡು ಓದಿಸಿ. 24 ಮಕ್ಕಳಿಗೆ 72 ನಿಮಿಷ, ಅಂದರೆ ಎರಡು ಪಿರಿಯಡ್ಡು. ಉಳಿದವರಿಗೆ ಆ ಹೊತ್ತಿನಲ್ಲಿ ಚಿತ್ರ ನೋಡಿ ಐದು ವಾಕ್ಯ ಬರೆಯುವ ಕೆಲಸ ಕೊಡಿ. ಓದಲು ಐದನೇ ತರಗತಿ ಮಟ್ಟದ ಎಂಟು ಸಾಲು ಸಾಕು. ಆದರೆ ಅದು ಮಕ್ಕಳು ಹಿಂದೆ ಓದಿದ ಪಾಠ ಆಗಿರಬಾರದು. ಪಾಠವನ್ನು ಬಾಯಿಪಾಠ ಮಾಡಿದ ಮಗು ಪುಸ್ತಕ ತಲೆಕೆಳಗಾಗಿ ಹಿಡಿದರೂ ಗಡಗಡ ಓದುತ್ತದೆ, ನೀವು ಮೋಸ ಹೋಗುತ್ತೀರಿ. ನಿಮ್ಮ ಕೈಯಾರೆ ಬರೆದ ಹೊಸ ಎಂಟು ಸಾಲು ಕೊಡಿ.

ಮೂರು ಗುಂಪು ಕಾಣುತ್ತವೆ. ಅಕ್ಷರ ಗೊತ್ತು, ಕೂಡಿಸಲು ಬಾರದವರು. ಕೂಡಿಸಿ ಓದಿದರೂ ಅರ್ಥ ಆಗದವರು. ಅರ್ಥ ಮಾಡಿಕೊಂಡು ಓದುವವರು. ಇದನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಮಾತ್ರ ಬರೆದಿಟ್ಟುಕೊಳ್ಳಿ. ತರಗತಿಯಲ್ಲಿ ಹೇಳಬೇಡಿ, ಗುಂಪು ಗುಂಪಾಗಿ ಬೇರೆ ಬೇರೆ ಕೂರಿಸಲೂಬೇಡಿ. ಕೊನೆಯ ಸಾಲಿನ ಮಕ್ಕಳು ತಮ್ಮ ಜಾಗ ಇದೇ ಎಂದುಕೊಂಡರೆ ವರ್ಷವಿಡೀ ಅಲ್ಲಿಂದ ಏಳುವುದಿಲ್ಲ. ಒಪ್ಪಿದ ಮಕ್ಕಳ ಓದನ್ನು ಫೋನಿನಲ್ಲಿ ಒಂದೊಂದು ನಿಮಿಷ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಫೆಬ್ರವರಿಯಲ್ಲಿ ಬೇಕಾಗುತ್ತದೆ.

ಮೊದಲ ಗುಂಪಿಗೆ ದಿನಾ 10 ನಿಮಿಷ ಬೇರೆ ಕೊಡಲೇಬೇಕು. ಪ್ರಾರ್ಥನೆಗೆ ಮೊದಲು ಅಥವಾ ಬಿಸಿಯೂಟ ಮುಗಿದ ಮೇಲೆ. ಎ ಯಿಂದ ಝಡ್‌ವರೆಗೆ ಮತ್ತೆ ಶುರು ಮಾಡಬೇಡಿ. ಮೂರಕ್ಷರದ ಪದಗಳಿಂದ ಹೊರಡಿ: ಕ್ಯಾಟ್, ಮ್ಯಾಟ್, ಬ್ಯಾಟ್, ಪೆನ್, ಹೆನ್, ಟೆನ್. ಒಂದು ಸ್ವರಕ್ಕೆ ಒಂದು ವಾರ. ಬಿ–ಡಿ ಅದಲುಬದಲು ಮಾಡುವವರಿಗೆ ಎರಡನ್ನೂ ಒಟ್ಟಿಗೆ ಕಲಿಸಿದರೆ ಗೊಂದಲ ಹೆಚ್ಚುತ್ತದೆ. ಬಿ ಗಟ್ಟಿಯಾಗುವವರೆಗೆ ಡಿ ಬಿಟ್ಟುಬಿಡಿ.

ನಲವತ್ತು ನಿಮಿಷ ಹಂಚುವ ಬಗೆ

ಮೊದಲ 5 ನಿಮಿಷ ಬೋರ್ಡಿನ ಮೇಲೆ ಒಂದೇ ಪ್ರಶ್ನೆ. 'ವಾಟ್ ಡಿಡ್ ಯೂ ಈಟ್ ದಿಸ್ ಮಾರ್ನಿಂಗ್?' ಇಬ್ಬಿಬ್ಬರು ಜೋಡಿಯಾಗಿ ಕೇಳುತ್ತಾರೆ, ಹೇಳುತ್ತಾರೆ. 'ಐ ಏಟ್ ರೊಟ್ಟಿ ಆ್ಯಂಡ್ ಝುಣಕ' ಎಂದರೆ ಅದು ಸರಿಯಾದ ಇಂಗ್ಲಿಷ್. ಝುಣಕಕ್ಕೆ ಇಂಗ್ಲಿಷ್ ಪದ ಹುಡುಕುತ್ತ ಕೂರುವುದು ಬೇಡ. ಮುಂದಿನ 15 ನಿಮಿಷ ಪಾಠದ ಓದು, ಆಮೇಲೆ 12 ನಿಮಿಷ ಜೋಡಿ ಕೆಲಸ, ಕೊನೆಯ 8 ನಿಮಿಷ ಬರವಣಿಗೆ. ಬರೆಯುವುದು ಮೂರೇ ವಾಕ್ಯ, ಆದರೆ ಸ್ವಂತ ವಾಕ್ಯ.

ಜೋಡಿ ಕೆಲಸ ಯಾಕೆ ಎಂಬುದಕ್ಕೆ ಲೆಕ್ಕ ನೋಡಿ. 12 ನಿಮಿಷದಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರೆ 24 ಮಕ್ಕಳಿಗೆ ಅರ್ಧರ್ಧ ನಿಮಿಷ. ಜೋಡಿಯಲ್ಲಿ ಪ್ರತಿಯೊಬ್ಬರಿಗೂ ಆರು ನಿಮಿಷ. ಗದ್ದಲ ಆಗುತ್ತದೆ, ಅದು ಆಗಲಿ. ಮುಖ್ಯ ಗುರುಗಳಿಗೂ ಪಕ್ಕದ ಕೋಣೆಯವರಿಗೂ ಮೊದಲೇ ಒಂದು ಮಾತು ಹೇಳಿಟ್ಟಿರಿ. 'ನಾನು ಕೈ ಎತ್ತಿದಾಗ ನೀವೂ ಕೈ ಎತ್ತಿ ಸುಮ್ಮನಾಗಬೇಕು' ಎಂಬ ಒಂದೇ ನಿಯಮವನ್ನು ಮೊದಲ ವಾರದಲ್ಲೇ ರೂಢಿ ಮಾಡಿಸಿ. ಬಹಳ ಜಾಣರನ್ನು ಬಹಳ ಹಿಂದುಳಿದವರ ಜೊತೆ ಜೋಡಿ ಮಾಡಿದರೆ ಜಾಣರೇ ಎರಡೂ ಪಾಳಿ ಮಾತಾಡಿ ಮುಗಿಸುತ್ತಾರೆ. ಮೊದಲ ಗುಂಪಿನವರಿಗೆ ನಡುವಿನವರು ಜೋಡಿ, ನಡುವಿನವರಿಗೆ ಜಾಣರು ಜೋಡಿ. ಇದನ್ನು ತಿಂಗಳಿಗೊಮ್ಮೆ ಬದಲಿಸಿ. ಹುಡುಗ–ಹುಡುಗಿಯರನ್ನು ಒತ್ತಾಯದಿಂದ ಜೋಡಿ ಮಾಡುವುದು ಬೇಡ, ಇಬ್ಬರೂ ನಾಚಿಕೊಂಡು ಬಾಯಿ ಮುಚ್ಚಿಕೊಳ್ಳುತ್ತಾರೆ. ಹಾಜರಿ ಬೆಸ ಸಂಖ್ಯೆಯಾದ ದಿನ ಒಂದು ಕಡೆ ಮೂವರನ್ನು ಕೂರಿಸಿದರಾಯಿತು.

ಪಾಠದ ಓದು ಮೂರು ಸುತ್ತು. ಪುಟಕ್ಕೆ ಆರು ಹೊಸ ಪದ ಆರಿಸಿ ಬೋರ್ಡಿನ ಮೇಲೆ ಬರೆಯಿರಿ; ಎಂಟು ದಾಟಿದರೆ ಅದು ಪಾಠ ಹೋಗಿ ಶಬ್ದಾರ್ಥದ ಪಟ್ಟಿಯಾಗುತ್ತದೆ. ಮೊದಲ ಸುತ್ತಿನಲ್ಲಿ ಮಕ್ಕಳ ಪುಸ್ತಕ ಮುಚ್ಚಿರಲಿ, ನೀವು ನಿಧಾನವಾಗಿ ಓದಿ, ಒಂದೇ ಪ್ರಶ್ನೆ ಕೇಳಿ. ಎರಡನೇ ಸುತ್ತು ಕಣ್ಣೋದು, ನಾಲ್ಕು ನಿಮಿಷ. ಉತ್ತರ ಇರುವ ಸಾಲಿನ ಕೆಳಗೆ ಪೆನ್ಸಿಲ್ ಗೆರೆ. ಮೂರನೇ ಸುತ್ತಿನಲ್ಲಿ ಜೋಡಿಯಾಗಿ ಒಂದೊಂದು ವಾಕ್ಯ ಗಟ್ಟಿಯಾಗಿ. ಇಷ್ಟಾದ ಮೇಲೆ 'ಯಾವ ಸಾಲು ತಿಳಿಯಲಿಲ್ಲ?' ಎಂದು ಕೇಳಿ. ಪುಟಕ್ಕೆ ಮೂರ್ನಾಲ್ಕು ಸಾಲು ಹೇಳುತ್ತಾರೆ. ಅವಕ್ಕೆ ಮಾತ್ರ ಕನ್ನಡದಲ್ಲಿ ಅರ್ಥ ಹೇಳಿ.

ಸಾಲು ಸಾಲಿಗೂ ಕನ್ನಡ ಹೇಳುವುದರಲ್ಲಿ ಇನ್ನೊಂದು ತೊಡಕಿದೆ, ಅದು ನಮ್ಮ ಭಾಗದ್ದೇ. ತಾಂಡಾದಿಂದ ಬರುವ ಮಕ್ಕಳ ಮನೆಮಾತು ಲಂಬಾಣಿ. ವಿಜಯಪುರದ ಎಷ್ಟೋ ಓಣಿಗಳಲ್ಲಿ ಉರ್ದು. ಬೆಳಗಾವಿಯ ಗಡಿ ಊರುಗಳಲ್ಲಿ ಮರಾಠಿ. ಅವರಿಗೆ ಪುಸ್ತಕದ ಕನ್ನಡವೂ ಕಲಿತ ಭಾಷೆಯೇ. 'ದಯನೀಯ', 'ಪರಿತ್ಯಜಿಸು' ಎಂದು ಅರ್ಥ ಹೇಳಿದರೆ ಒಂದು ತಿಳಿಯದ ಪದಕ್ಕೆ ಇನ್ನೊಂದು ತಿಳಿಯದ ಪದ ಕೊಟ್ಟಂತೆ. ಅಂಥಲ್ಲಿ ಚಿತ್ರ, ವಸ್ತು, ಅಭಿನಯ ತೋರಿಸಿ. ಇಲ್ಲವೇ ಆ ಮಗುವನ್ನೇ 'ನಿಮ್ಮ ಮನ್ಯಾಗ ಇದಕ್ಕ ಏನಂತೀರಿ?' ಎಂದು ಕೇಳಿ.

ಮನೆಮಾತಿನ ಜಾಡಿನಲ್ಲಿ ಬರುವ ತಪ್ಪುಗಳು

ಮಕ್ಕಳು ಮಾಡುವ ತಪ್ಪುಗಳಲ್ಲಿ ಬಹಳಷ್ಟು ಅಜಾಗ್ರತೆಯವಲ್ಲ. ಕನ್ನಡದ ಕಟ್ಟಣೆ ಇಂಗ್ಲಿಷಿನೊಳಗೆ ಇಣುಕುವುದು. ಎಲ್ಲಿಂದ ಬಂತು ಎಂದು ತಿಳಿದರೆ ತಿದ್ದುವುದು ಸುಲಭ.

'ಅವನು ನನ್ನ ತಮ್ಮ' ಎಂಬಲ್ಲಿ ಕ್ರಿಯಾಪದವೇ ಇಲ್ಲ. ಹಾಗಾಗಿ ಮಗು 'ಹಿ ಮೈ ಬ್ರದರ್' ಎನ್ನುತ್ತದೆ, ಅದರ ಕಿವಿಗೆ ಏನೂ ಕೊರತೆ ಕೇಳಿಸುವುದಿಲ್ಲ. 'ಈಸ್ ಹಾಕು' ಎಂದು ಇಪ್ಪತ್ತು ಸಲ ಹೇಳಿದರೂ ಫಲ ಇಲ್ಲ. ಇದನ್ನು ಕಣ್ಣಿಗೆ ಕಾಣುವಂತೆ ಮಾಡಿ. ನಾಲ್ಕು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಹಿ, ಈಸ್, ಮೈ, ಬ್ರದರ್ ಎಂದು ಬರೆದು ನಾಲ್ಕು ಮಕ್ಕಳ ಕೈಗೆ ಕೊಟ್ಟು, ಒಬ್ಬರ ಕೈ ಒಬ್ಬರು ಹಿಡಿದು ಸಾಲಾಗಿ ನಿಲ್ಲಲು ಹೇಳಿ. 'ಈಸ್' ಹಿಡಿದವಳು ಕೆಳಗೆ ಕುಳಿತರೆ ಸರಪಳಿ ಹರಿಯುತ್ತದೆ. ಇಡೀ ತರಗತಿ ಅದನ್ನು ನೋಡುತ್ತದೆ. ಈಗ ಪ್ರಶ್ನೆ ಮಾಡಿಸಿ. ಕನ್ನಡದಲ್ಲಿ ಪ್ರಶ್ನೆ ಕೊನೆಗೆ ಅಂಟುತ್ತದೆ: 'ತಮ್ಮನಾ?' ಆದ್ದರಿಂದಲೇ ಮಕ್ಕಳು 'ಹಿ ಈಸ್ ಯುವರ್ ಬ್ರದರಾ?' ಎನ್ನುವುದು. 'ಈಸ್' ಹಿಡಿದವಳು ತನ್ನ ಜಾಗ ಬಿಟ್ಟು ನಡೆದು ಎಲ್ಲರಿಗಿಂತ ಮುಂದೆ ಬಂದು ನಿಲ್ಲಲಿ. 'ಮೈ' ರಟ್ಟಿನ ಬದಲು 'ಯುವರ್' ಬರಲಿ: 'ಈಸ್ ಹಿ ಯುವರ್ ಬ್ರದರ್?' ಆರ್, ವಾಸ್, ಕ್ಯಾನ್, ವಿಲ್ ಎಲ್ಲಕ್ಕೂ ಇದೇ ನಡಿಗೆ. ಮೂರು ದಿನ, ದಿನಕ್ಕೆ ಐದು ನಿಮಿಷ ಮಾಡಿಸಿದರೆ ಬರವಣಿಗೆಯಲ್ಲಿ ವ್ಯತ್ಯಾಸ ಕಾಣತೊಡಗುತ್ತದೆ.

ಎರಡನೆಯದು 'ನನಗೆ'. 'ಸರ್, ನಂಗ ಜ್ವರ ಬಂದಾವ್ರಿ' ಎನ್ನುವ ಮಗು ರಜಾ ಚೀಟಿಯಲ್ಲಿ 'ಟು ಮಿ ಫೀವರ್ ಕಮ್' ಎಂದು ಬರೆಯುತ್ತದೆ. ಜ್ವರ, ಹಸಿವು, ಅಕ್ಕ–ತಂಗಿ, ಗೊತ್ತಿರುವುದು, ಇಷ್ಟವಾಗುವುದು, ಬೇಕಾಗುವುದು ಇವೆಲ್ಲ ಕನ್ನಡದಲ್ಲಿ 'ನನಗೆ' ಸೇರುತ್ತವೆ. ಇಂಗ್ಲಿಷಿನಲ್ಲಿ 'ಐ'ನಿಂದ ಶುರುವಾಗುತ್ತವೆ: 'ಐ ಹ್ಯಾವ್ ಎ ಫೀವರ್', 'ಐ ಆ್ಯಮ್ ಹಂಗ್ರಿ', 'ಐ ಹ್ಯಾವ್ ಟೂ ಸಿಸ್ಟರ್ಸ್', 'ಐ ನೋ', 'ಐ ಲೈಕ್', 'ಐ ವಾಂಟ್'. ಇಂಥ ಹನ್ನೆರಡು ವಾಕ್ಯಗಳನ್ನು ಒಂದು ಚಾರ್ಟಿನ ಮೇಲೆ ಬರೆದು ಬೋರ್ಡಿನ ಪಕ್ಕ ತೂಗುಹಾಕಿ, ವರ್ಷಪೂರ್ತಿ ಇರಲಿ.

'ಐ ಡಿಡ್ ನಾಟ್ ವೆಂಟ್' ಎಂಬ ತಪ್ಪಿಗೆ ಮಾತ್ರ ಕನ್ನಡವೇ ಮದ್ದು. 'ಹೋದೆ' ಎನ್ನುತ್ತೇವೆ, ಆದರೆ 'ಹೋದಲಿಲ್ಲ' ಎನ್ನುವುದಿಲ್ಲ, 'ಹೋಗಲಿಲ್ಲ' ಎನ್ನುತ್ತೇವೆ. 'ಬಂದೆ–ಬರಲಿಲ್ಲ', 'ತಿಂದೆ–ತಿನ್ನಲಿಲ್ಲ'. ಇಲ್ಲ ಎಂದ ಕೂಡಲೇ ಕನ್ನಡದಲ್ಲಿಯೂ ಪದ ತನ್ನ ಮೂಲಕ್ಕೆ ಮರಳುತ್ತದೆ. 'ವೆಂಟ್–ಡಿಡ್ ನಾಟ್ ಗೋ' ಅದೇ ಲೆಕ್ಕ. ಎರಡು ಸಾಲು ಎದುರುಬದುರು ಬರೆದು ತೋರಿಸಿ. ತಮಗೆ ಗೊತ್ತಿದ್ದ ನಿಯಮವೇ ಇದು ಎಂದು ಮಕ್ಕಳ ಮುಖ ಅರಳುತ್ತದೆ.

ಊಟ ಮಾಡು, ಸ್ನಾನ ಮಾಡು, ಫೋನ್ ಮಾಡು ಎಂಬ 'ಮಾಡು'ಗಳಿಂದ 'ಡೂಯಿಂಗ್ ಮೀಲ್ಸ್' ಹುಟ್ಟುತ್ತದೆ. ಇವನ್ನು ಒಂದೊಂದಾಗಿ ಕಲಿಸಬೇಕು, ನಿಯಮ ಇಲ್ಲ. ಉಚ್ಚಾರದಲ್ಲಿ ಎರಡನ್ನು ಹಿಡಿದರೆ ಸಾಕು. 'ಇಸ್ಕೂಲ್, ಇಸ್ಟೇಷನ್' ಎನ್ನುವವರಿಗೆ ಮೊದಲು ಹಾವಿನಂತೆ 'ಸ್ಸ್ಸ್' ಎಂದು ಉಸಿರು ಬಿಡಿಸಿ, ನಿಲ್ಲಿಸದೆ 'ಕೂಲ್' ಸೇರಿಸಲು ಹೇಳಿ. 'ಯೆಗ್, ಯೆಲಿಫಂಟ್' ಎನ್ನುವವರಿಗೆ ಬಾಯಿ ತೆರೆದೇ ಇಟ್ಟುಕೊಂಡು ಶುರು ಮಾಡಿಸಿ.

ಮಗು ಮಾತಾಡುತ್ತಿರುವಾಗ ತಡೆದು ತಿದ್ದಬೇಡಿ. ಎರಡು ಸಲ ತಡೆದರೆ ಮೂರನೇ ಸಲ ಅದು ಏಳುವುದೇ ಇಲ್ಲ. ಓಡಾಡುತ್ತ ಕೇಳಿಸಿಕೊಂಡ ಎರಡು ತಪ್ಪು ಬರೆದಿಟ್ಟುಕೊಂಡು, ಕೊನೆಗೆ ಹೆಸರು ಹೇಳದೆ ಬೋರ್ಡಿನ ಮೇಲೆ ಹಾಕಿ ಎಲ್ಲರಿಂದ ತಿದ್ದಿಸಿ.

ಪ್ರಾರ್ಥನೆಯ ಹೊತ್ತು

ಸುದ್ದಿ ಓದುವುದು, ದಿನಕ್ಕೊಂದು ಪದ ಹೇಳುವುದು ಹೆಚ್ಚಿನ ಶಾಲೆಗಳಲ್ಲಿ ಇದೆ. ಆದರೆ ಓದುವವರು ಅದೇ ಮೂವರು ಹುಡುಗಿಯರು. ಹಾಜರಿ ಪುಸ್ತಕದ ಕ್ರಮದಲ್ಲಿ ದಿನಕ್ಕೆ ನಾಲ್ವರು ಎಂದು ಪಾಳಿ ಹಚ್ಚಿ. 72 ಮಕ್ಕಳು 18 ದಿನದಲ್ಲಿ ಒಂದು ಸುತ್ತು ಮುಗಿಸುತ್ತಾರೆ. ಪತ್ರಿಕೆಯ ವಾಕ್ಯ ಬೇಡ, ಅದು ಉದ್ದವಾಗಿರುತ್ತದೆ, ಅರ್ಥವಾಗದೆ ಓದುತ್ತಾರೆ. ತನ್ನ ಊರಿನ ಮೂರು ವಾಕ್ಯ ಹಿಂದಿನ ದಿನ ಬರೆದು ತೋರಿಸಲಿ: ನಿನ್ನೆ ಮಳೆ ಬಂತೇ, ಇಂಡಿ ಮಾರುಕಟ್ಟೆಗೆ ಹೋದ ನಿಂಬೆಹಣ್ಣಿನ ಚೀಲ ಎಷ್ಟಕ್ಕೆ ಹೋಯಿತು, ಬಸ್ಸು ಎಷ್ಟು ತಡವಾಯಿತು. ಮೊದಲ ಸುತ್ತಿನಲ್ಲಿ ಚೀಟಿ ನೋಡಿ ಓದಲಿ, ಎರಡನೇ ಸುತ್ತಿನಲ್ಲಿ ಚೀಟಿ ಜೇಬಿನಲ್ಲಿರಲಿ.

ಗೋಡೆ ಪತ್ರಿಕೆ

ನಮ್ಮ ಮಾತು ಕೇಳುವುದಾದರೆ, ಒಂದೇ ಚಟುವಟಿಕೆಗೆ ಬಿಡುವು ಇದ್ದರೆ ಇದನ್ನೇ ಹಿಡಿಯಿರಿ. ಓದು, ಮಾತು, ಬರಹ ಮೂರೂ ಇದರಲ್ಲಿ ಸೇರುತ್ತವೆ.

ಬೇಕಾಗುವುದು: ಚಾರ್ಟ್ ಪೇಪರ್ 2, ಬಿಳಿ ಹಾಳೆ 20, ಎರಡು ಬಣ್ಣದ ಸ್ಕೆಚ್ ಪೆನ್, ಗೋಂದು, ಸುತಳಿ 3 ಮೀಟರ್, ಬಟ್ಟೆ ಒಣಹಾಕುವ ಕ್ಲಿಪ್ 12. ಗೋಡೆಗೆ ಟೇಪ್ ಹಚ್ಚಬೇಡಿ. ಸುಣ್ಣ ಹಚ್ಚಿದ ಗೋಡೆಯ ಪುಡಿ ಟೇಪಿಗೆ ಅಂಟಿ ಎರಡೇ ದಿನದಲ್ಲಿ ಕಿತ್ತು ಬರುತ್ತದೆ, ಬಿಸಿಲಿಗೆ ಟೇಪೂ ಸುರುಳಿ ಏಳುತ್ತದೆ. ಎರಡು ಮೊಳೆಗಳ ನಡುವೆ ಸುತಳಿ ಬಿಗಿದು ಕ್ಲಿಪ್ಪಿನಲ್ಲಿ ತೂಗಿಸಿ. ಎತ್ತರ ಎಂಟನೇ ತರಗತಿ ಮಗುವಿನ ಕಣ್ಣಿನ ಮಟ್ಟಕ್ಕಿರಲಿ. ನೀರಿನ ನಲ್ಲಿಯ ಬಳಿ ಅಥವಾ ಊಟಕ್ಕೆ ಸಾಲು ನಿಲ್ಲುವ ಜಾಗದಲ್ಲಿ ಹಾಕಿದರೆ ಓದುವವರು ಸಿಗುತ್ತಾರೆ, ಮುಖ್ಯ ಗುರುಗಳ ಕೋಣೆಯ ಎದುರು ಹಾಕಿದರೆ ಯಾರೂ ನಿಲ್ಲುವುದಿಲ್ಲ.

ಎರಡು ವಾರಕ್ಕೊಂದು ಸಂಚಿಕೆ. ಪ್ರತಿ ಸಂಚಿಕೆಗೆ ಆರು ಮಕ್ಕಳ ಒಂದು ತಂಡ; ಮೂರೂ ತರಗತಿಯಿಂದ ಇಬ್ಬಿಬ್ಬರು. ಹೀಗೆ 12 ತಂಡ. ಮೊದಲ ಸೋಮವಾರ ವಿಷಯ ಹಂಚಿಕೆ, ಗುರುವಾರಕ್ಕೆ ಮೊದಲ ಕರಡು, ಎರಡನೇ ಮಂಗಳವಾರ ತಿದ್ದಿದ ಕರಡು, ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅಂಟಿಸುವುದು.

ಒಂದು ಅಂಕಣ ಸಂದರ್ಶನಕ್ಕಿರಲಿ. ಬಿಸಿಯೂಟದ ಅಡುಗೆಯವರಿಂದ ಶುರು ಮಾಡಬಹುದು. ಮಕ್ಕಳು ಕೇಳುವುದು ತಮ್ಮ ಮಾತಿನಲ್ಲೇ: 'ಅಕ್ಕಾರ, ಮುಂಜಾನೆ ಎಷ್ಟಕ್ಕ ಬರ್ತೀರಿ? ಇವತ್ತ ಎಷ್ಟು ಕೆ.ಜಿ. ಅಕ್ಕಿ ಹಾಕೀರಿ? ಬ್ಯಾಳಿ ಎಷ್ಟು? ಎಲ್ಲಕ್ಕಿಂತ ಕಷ್ಟದ ಕೆಲಸ ಯಾವ್ದು? ಮಕ್ಕಳು ಯಾವ ದಿನ ಜಾಸ್ತಿ ಉಣ್ತಾರ?' ಉತ್ತರವನ್ನು ಕನ್ನಡದಲ್ಲಿ ಗೀಚಿಕೊಂಡು ಬಂದು ಒಂದೊಂದಕ್ಕೆ ಒಂದೇ ಇಂಗ್ಲಿಷ್ ವಾಕ್ಯ ಕಟ್ಟುತ್ತಾರೆ. 'ಶಿ ಕಮ್ಸ್', 'ಶಿ ಕುಕ್ಸ್', 'ಶಿ ವಾಶಸ್' ಎಂದು ಐದು ಸಲ ಬರೆಯುವಷ್ಟರಲ್ಲಿ ಕ್ರಿಯಾಪದದ ಕೊನೆಯ 'ಎಸ್' ಕೈಗೆ ಕೂರುತ್ತದೆ. ಇಳಕಲ್ಲಿನಲ್ಲಿ ಸೀರೆ ನೇಯುವವರು, ಗುಳೇದಗುಡ್ಡದಲ್ಲಿ ಖಣ ನೇಯುವವರು, ಅಮೀನಗಡ, ಗೋಕಾಕಿನಲ್ಲಿ ಕರದಂಟು ಮಾಡುವವರು ಎಲ್ಲರೂ ಇದಕ್ಕೆ ಒದಗುತ್ತಾರೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ (ಬೆಳೆಗೆ ಅರ್ಪಿಸುವ ನೈವೇದ್ಯ) ಚೆಲ್ಲಿ ಬಂದ ಮರುದಿನ 'ಹೌ ವಿ ಸ್ಪೆಂಟ್ ದ ಡೇ' ಎಂಬ ಬರಹ ಕೇಳಿ ನೋಡಿ, ಭೂತಕಾಲ ಕಲಿಸಲು ಅದಕ್ಕಿಂತ ಒಳ್ಳೆಯ ದಿನ ಸಿಗದು.

ಕರಡು ತಿದ್ದುವಾಗ ಇಡೀ ಹಾಳೆ ಕೆಂಪು ಮಾಡಿದರೆ ಮಗು ನಿಮ್ಮ ವಾಕ್ಯವನ್ನು ನಕಲು ಮಾಡುತ್ತದೆ, ಕಲಿಯುವುದಿಲ್ಲ. ಪ್ರತಿ ಸಂಚಿಕೆಗೆ ಎರಡೇ ಬಗೆಯ ತಪ್ಪು ಆರಿಸಿಕೊಳ್ಳಿ, ಉದಾಹರಣೆಗೆ ಕಾಲ ಮತ್ತು ದೊಡ್ಡಕ್ಷರ. ತಪ್ಪಿರುವ ಸಾಲಿನ ಅಂಚಿನಲ್ಲಿ ಚುಕ್ಕೆ ಮಾತ್ರ ಇಡಿ, ಹುಡುಕಿ ತಿದ್ದುವುದು ತಂಡದ ಕೆಲಸ. ಉಳಿದ ತಪ್ಪುಗಳು ಗೋಡೆಯ ಮೇಲೆ ಹಾಗೇ ಕಂಡರೆ ಕಾಣಲಿ.

ಕಪಾಟಿನ ಪುಸ್ತಕ

ಬೀಗ ಹಾಕಿದ ಕಪಾಟು ಗ್ರಂಥಾಲಯ ಅಲ್ಲ. ತೆಳುವಾದ, ಚಿತ್ರವಿರುವ 30 ಇಂಗ್ಲಿಷ್ ಪುಸ್ತಕ ಆರಿಸಿ ಒಂದು ರಟ್ಟಿನ ಡಬ್ಬಿಯಲ್ಲಿ ತರಗತಿಗೆ ತನ್ನಿ. ಶನಿವಾರ 20 ನಿಮಿಷ ಓದು. ಪುಸ್ತಕ ಆರಿಸುವ ಬಗೆಯನ್ನು ಮಕ್ಕಳಿಗೆ ಹೇಳಿಕೊಡಿ: ನಡುವಿನ ಒಂದು ಪುಟ ತೆರೆದು ಗೊತ್ತಿಲ್ಲದ ಪದ ಬಂದಾಗ ಒಂದೊಂದು ಬೆರಳು ಮಡಚಬೇಕು, ಪುಟ ಮುಗಿಯುವ ಮೊದಲೇ ಐದೂ ಮಡಚಿದರೆ ಆ ಪುಸ್ತಕ ಸದ್ಯಕ್ಕೆ ಬೇಡ. ಓದಿದ ಮೇಲೆ ಸಾರಾಂಶ ಬರೆಸಬೇಡಿ, ಓದೇ ಬೇಡ ಅನಿಸುತ್ತದೆ. ಇಷ್ಟವಾದ ಒಂದು ವಾಕ್ಯ ನೋಟ್‌ಬುಕ್ಕಿಗೆ ಇಳಿಸಿಕೊಂಡರೆ ಸಾಕು.

ನಾಟಕ ಮತ್ತು ಪ್ರತಿಭಾ ಕಾರಂಜಿ

ಶಾಲಾ ಮಕ್ಕಳ ಸ್ಪರ್ಧೆಯಾದ ಪ್ರತಿಭಾ ಕಾರಂಜಿಗೆ ಒಬ್ಬ ಮಗುವನ್ನು ಇಂಗ್ಲಿಷ್ ಕಂಠಪಾಠಕ್ಕೆ ತಯಾರು ಮಾಡುವುದು ಸುಲಭ, ಉಳಿದ 71 ಮಕ್ಕಳಿಗೆ ಅದರಿಂದ ಏನೂ ದಕ್ಕುವುದಿಲ್ಲ. ಅದೇ ಪದ್ಯವನ್ನು ಇಡೀ ತರಗತಿಗೆ ಕಲಿಸಿ, ಆಮೇಲೆ ತರಗತಿಯೇ ಒಬ್ಬರನ್ನು ಆರಿಸಲಿ.

ನಾಟಕಕ್ಕೆ 10 ನಿಮಿಷ ಮೀರದ ಪ್ರಸಂಗ ಸಾಕು. ಪಠ್ಯದ ಕಥೆಯನ್ನು ಮಕ್ಕಳೇ ಮಾತುಗಳಾಗಿ ಒಡೆಯಲಿ. ಒಂದು ಮಾತಿಗೆ ಎಂಟು ಪದ ಮೀರಬಾರದು. ಉದ್ದವಾದರೆ ನಡುವೆ ಮರೆಯುತ್ತಾರೆ, ಮರೆತವರು ಅತ್ತ ಇತ್ತ ನೋಡಿ ಇಡೀ ದೃಶ್ಯ ನಿಲ್ಲುತ್ತದೆ. ನಮ್ಮ ದೊಡ್ಡಾಟದ ಒಂದು ರೂಢಿ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ 'ತಾವು ಯಾರು, ಎಲ್ಲಿಂದ ಬಂದಿರಿ, ಬಂದ ಕಾರಣವೇನು' ಎಂದು ಕೇಳುತ್ತಾನಲ್ಲ, ಅದನ್ನೇ ಇಂಗ್ಲಿಷಿನಲ್ಲಿ ಮಾಡಿಸಿ: 'ಹೂ ಆರ್ ಯೂ?', 'ವೇರ್ ಡು ಯೂ ಕಮ್ ಫ್ರಮ್?', 'ವೈ ಹ್ಯಾವ್ ಯೂ ಕಮ್?' ಪ್ರತಿ ಪಾತ್ರಕ್ಕೂ ಇವೇ ಮೂರು ಪ್ರಶ್ನೆ ಆದ್ದರಿಂದ ಓದಲು ಕಷ್ಟಪಡುವ ಮಗುವೂ ಸಾರಥಿಯಾಗಬಹುದು. ಊರಿನ ಆಟ ನೋಡಿ ಬೆಳೆದ ಮಕ್ಕಳಿಗೆ ಎದೆಯೆತ್ತಿ ಗಟ್ಟಿಯಾಗಿ ಮಾತಾಡುವುದನ್ನು ಕಲಿಸಬೇಕಾಗಿಲ್ಲ. ತಾಲೀಮು 10 ದಿನ, ದಿನಕ್ಕೆ 30 ನಿಮಿಷ: ಮೂರು ದಿನ ಕುಳಿತು ಓದು, ನಾಲ್ಕು ದಿನ ನಿಂತು ನಡಿಗೆ, ಎರಡು ದಿನ ಚೀಟಿ ಇಲ್ಲದೆ, ಕೊನೆಯ ದಿನ ಎಂಟನೇ ತರಗತಿಯ ಮಕ್ಕಳ ಎದುರು. ವೇಷಕ್ಕೆ ಹಣ ಹಾಕಬೇಡಿ, ಒಂದು ರುಮಾಲು, ಒಂದು ಕೋಲು ಸಾಕು.

ಗೋಳಗುಮ್ಮಟಕ್ಕೆ ಒಂದು ದಿನ

ಶೈಕ್ಷಣಿಕ ಪ್ರವಾಸವನ್ನು ಇಂಗ್ಲಿಷ್ ಪಾಠ ಮಾಡಬಹುದು. ಹೋಗುವ ಮೊದಲು ಎಂಟು ಪದ ಕಲಿಸಿ: ಟೂಂಬ್, ಡೋಮ್, ಆರ್ಚ್, ಟವರ್, ಗ್ಯಾಲರಿ, ವಿಸ್ಪರ್, ಎಕೋ, ಇನ್‌ಸ್ಕ್ರಿಪ್ಷನ್. ಟೂಂಬ್‌ನ ಕೊನೆಯ 'ಬಿ' ಉಚ್ಚರಿಸುವುದಿಲ್ಲ, 'ಟೂಮ್' ಎಂದೇ ಹೇಳಿಸಿ. ಮೊಹಮ್ಮದ್ ಆದಿಲ್ ಶಾಹನ ಈ ಸಮಾಧಿಯ ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ನಾಲ್ಕು ಮೂಲೆಗೆ ಏಳಂತಸ್ತಿನ ಗೋಪುರಗಳು. ಹತ್ತು ಪ್ರಶ್ನೆಗಳ ಹಾಳೆ ಕೊಟ್ಟು, ಉತ್ತರವನ್ನು ಅಲ್ಲಿಯ ಇಂಗ್ಲಿಷ್ ಫಲಕಗಳಲ್ಲಿ ಹುಡುಕಲು ಹೇಳಿ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಹೊತ್ತೇರಿದರೆ ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಾಟವೇ ತುಂಬಿ ಏನೂ ಕೇಳಿಸದು. ಆಚೆ ಬದಿಯಲ್ಲಿ ನಿಂತ ಗೆಳತಿಗೆ ಗೋಡೆಯ ಹತ್ತಿರ ಬಾಯಿಟ್ಟು ಒಂದು ಇಂಗ್ಲಿಷ್ ವಾಕ್ಯ ಪಿಸುಗುಟ್ಟಬೇಕು, ಅವಳು ಕೇಳಿದ್ದನ್ನು ಬರೆದುಕೊಳ್ಳಬೇಕು. ಕೆಳಗೆ ಇಳಿದು ಎರಡೂ ವಾಕ್ಯ ಹೋಲಿಸಿ ನೋಡಬೇಕು. ಮರಳಿ ಬಂದ ವಾರ ಐವರು ಮಕ್ಕಳು ಗೈಡ್ ಆಗಿ ಬೋರ್ಡಿನ ಮೇಲಿನ ನಕ್ಷೆ ತೋರಿಸುತ್ತ ಉಳಿದವರಿಗೆ ವಿವರಿಸಲಿ. ಬಾದಾಮಿ, ಪಟ್ಟದಕಲ್ಲು ಹತ್ತಿರವಿರುವ ಶಾಲೆಗಳು ಇದೇ ಕ್ರಮವನ್ನು ಅಲ್ಲಿ ಮಾಡಬಹುದು.

ಸುಗ್ಗಿ, ಜಾತ್ರೆ, ಗೈರುಹಾಜರಿ

ದೀಪಾವಳಿಯ ನಂತರ ಕಬ್ಬು ಕಡಿಯಲು ತಂದೆತಾಯಿಯ ಜೊತೆ ಹೋಗುವ ಮಕ್ಕಳಿದ್ದಾರೆ. ತೊಗರಿ, ಹಿಂಗಾರಿ ಜೋಳದ ರಾಶಿಯ ದಿನಗಳಲ್ಲಿ ಇನ್ನಷ್ಟು ಬೆಂಚು ಖಾಲಿ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ. ಆ ವಾರಗಳಲ್ಲಿ ಹೊಸ ವ್ಯಾಕರಣ ಶುರು ಮಾಡಬೇಡಿ, ಗೋಡೆ ಪತ್ರಿಕೆ, ಓದು, ನಾಟಕ ಇಟ್ಟುಕೊಳ್ಳಿ. ಶಾಲೆಗೆ ಬಾರದ ಮಗುವಿಗಾಗಿ ಅದರ ಜೋಡಿ ಪ್ರತಿದಿನ ಒಂದು ಹಾಳೆಯಲ್ಲಿ ಆ ದಿನದ ಆರು ಪದ, ಮೂರು ವಾಕ್ಯ ಬರೆದಿಡಲಿ. ಮರಳಿ ಬಂದ ಮಗುವಿನ ಕೈಗೆ ಬೈಗುಳದ ಬದಲು ಆ ಹಾಳೆಗಳು ಸಿಗಬೇಕು.

ಅಂಕ ಮತ್ತು ದಾಖಲೆ

ಕನ್ನಡ ಮಾಧ್ಯಮದ ಮಕ್ಕಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷ್ 100 ಅಂಕ: ಬರಹದ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20. ರೂಪಣಾತ್ಮಕ ಮೌಲ್ಯಮಾಪನದ (ಕಲಿಕೆಯ ನಡುನಡುವೆ ಮಾಡುವ ಮೌಲ್ಯಮಾಪನ) ಚಟುವಟಿಕೆಗೆಂದು ಬೇರೆ ಕೆಲಸ ಹುಡುಕಬೇಡಿ, ಸಂದರ್ಶನ, ನಾಟಕದ ಮಾತು, ಪ್ರಾರ್ಥನೆಯ ಸುದ್ದಿ ಇವೇ ಚಟುವಟಿಕೆಗಳು. ಮಗುವಿನ ಮೊದಲ ಕರಡು ಮತ್ತು ತಿದ್ದಿದ ಕರಡು ಎರಡನ್ನೂ ಪಿನ್ ಮಾಡಿ ಫೈಲಿಗೆ ಹಾಕಿ. ಹತ್ತನೇ ತರಗತಿಗೆ ಜನವರಿಯಿಂದ ಪರೀಕ್ಷಾ ಮಂಡಳಿಯ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟು ಬರೆಸಿ. ಉತ್ತರ ಗೊತ್ತಿದ್ದೂ ಹೊತ್ತು ಸಾಲದೆ ಕೊನೆಯ ಪತ್ರ ಬರವಣಿಗೆ ಬಿಡುವವರು ಪ್ರತಿವರ್ಷ ಇರುತ್ತಾರೆ. ಅಂಥವರಿಗೆ ಪತ್ರವನ್ನೇ ಮೊದಲು ಬರೆಯುವ ರೂಢಿ ಮಾಡಿಸಿ, ಪ್ರಶ್ನೆ ಸಂಖ್ಯೆ ಸರಿಯಾಗಿ ಹಾಕಿದರಾಯಿತು.

ಫೆಬ್ರವರಿಯಲ್ಲಿ ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೆ ಜೂನ್‌ನ ಅದೇ ಎಂಟು ಸಾಲು ಮತ್ತೆ ಓದಿಸಿ, ಮತ್ತೆ ರೆಕಾರ್ಡ್ ಮಾಡಿ. ಎರಡನ್ನೂ ಮಗುವಿಗೆ ಒಬ್ಬಂಟಿಯಾಗಿ ಕೇಳಿಸಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಬಂದ ತಾಯಿಗೂ ಕೇಳಿಸಿ. ಮೂರು ಗುಂಪಿನ ಪಟ್ಟಿಯನ್ನು ಹೊಸದಾಗಿ ಬರೆದು, ಯಾವ ಮಗು ಎಲ್ಲಿಂದ ಎಲ್ಲಿಗೆ ಬಂತು ಎಂದು ದಾಖಲಿಸಿ, ರಟ್ಟುಗಳು, 'ನನಗೆ' ಚಾರ್ಟು, ನಾಟಕದ ಹಾಳೆಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿಡಿ. ವರ್ಗಾವಣೆಯಾಗಿ ನಿಮ್ಮ ಜಾಗಕ್ಕೆ ಬೇರೆ ಶಿಕ್ಷಕರು ಬಂದರೆ ಅವರು ಮೊದಲ ದಿನ ತೆರೆಯಬೇಕಾದ ಪೆಟ್ಟಿಗೆ ಅದು.